ನೆಲವೇ ಡೊಂಕಾಗಿತ್ತು

ನಮ್ಮಪ್ಪ ಸಾಮಾನಿಗೆ ಬಯ್ದದ್ದನ್ನು ನಾನು ನೋಡಿಲ್ಲ. ಸ್ಕೂಟರ್ ಶುರುವಾಗದಿದ್ದರೆ ನಾವೆಲ್ಲ ಸ್ಕೂಟರಿಗೆ ಶಾಪ ಹಾಕುತ್ತಿದ್ದೆವು. ಅಪ್ಪ ಮಾತ್ರ "ನಾನ ಸರಿಯಾಗಿ ಒದ್ದಿಲ್ಲ" ಎಂದು ಮತ್ತೆ ಕಿಕ್ ಹೊಡೆಯುತ್ತಿದ್ದರು. ಅವರು ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು, ಅಂದರೆ ಯಂತ್ರಗಳ ಭಾಗಗಳಿಗೆ ನಕ್ಷೆ ತೆಗೆಯುವವರು. ಆ ಡ್ರಾಯಿಂಗ್ ಆಫೀಸಿನಲ್ಲಿ ಒಂದು ಧರ್ಮವಿತ್ತಂತೆ. ಹೊಸದಾಗಿ ಸೇರಿದವನು ಗೆರೆ ವಾರೆಯಾದದ್ದಕ್ಕೆ ಟಿ-ಸ್ಕ್ವೇರ್ ಪಟ್ಟಿಯನ್ನು ದೂರಿದರೆ, ಮಸಿ ಹರಡಿದ್ದಕ್ಕೆ ಪೆನ್ನನ್ನು ದೂರಿದರೆ, ಹಿರಿಯರೆಲ್ಲ ಒಟ್ಟಿಗೆ ನಗುತ್ತಿದ್ದರು: "ಕುಣಿಯಲಾರದಾಕಿ ನೆಲ ಡೊಂಕಂದ್ಲಂತ!" ತಪ್ಪಾದರೆ ಅರ್ಧ ಶೇವಿಂಗ್ ಬ್ಲೇಡಿನಿಂದ ಟ್ರೇಸಿಂಗ್ ಹಾಳೆಯನ್ನು ಹಗುರವಾಗಿ ಕೆರೆದು, ಸುಮ್ಮನೆ ಇನ್ನೊಮ್ಮೆ ಎಳೆಯಬೇಕು. ತಪ್ಪು ಯಾವತ್ತೂ ಕೈಯದು, ಉಪಕರಣದ್ದಲ್ಲ.

ಈ ಧರ್ಮದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಳ್ಳೆಯ ಮನುಷ್ಯರನ್ನು ಹಾಳು ಮಾಡಲು ಕೆಟ್ಟ ಬುದ್ಧಿಯೇ ಬೇಕೆಂದಿಲ್ಲ, ಒಳ್ಳೆಯ ಬುದ್ಧಿಯೂ ಸಾಕಾಗುತ್ತದೆ.

ಅಪ್ಪ ನಿವೃತ್ತರಾದಾಗ ಊರಿಗೆ ಊರೇ ಸಾಫ್ಟ್‌ವೇರ್ ಹುಚ್ಚಿನಲ್ಲಿತ್ತು. ಅಮೀರಪೇಟೆಯಲ್ಲಿ ತಲೆ ಎತ್ತಿದರೆ ಆಕಾಶದ ಬದಲು ಕೋಚಿಂಗ್ ಸೆಂಟರುಗಳ ಬೋರ್ಡುಗಳು ಕಾಣಿಸುತ್ತಿದ್ದವು. ವಿಮಾನ ನಿಲ್ದಾಣ ಶಂಶಾಬಾದಿಗೆ ಹೋಗುತ್ತದೆ ಎಂದು ಕಿರಾಣಿ ಅಂಗಡಿಯವನು ಸಹ ಅಲ್ಲಿಯ ಪ್ಲಾಟುಗಳ ಮಾತಾಡುತ್ತಿದ್ದ. ನಾವು ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಸಂತೋಷನಗರದಲ್ಲಿ ಬಾಡಿಗೆಗೆ ಇದ್ದೆವು. ಅಣ್ಣ ಮಾದಾಪುರದ ಕಡೆ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ನಾನು ಶಾಲೆಯೊಂದರಲ್ಲಿ ತೆಲುಗು ಮಕ್ಕಳಿಗೆ ಹಿಂದಿ ಕಲಿಸುತ್ತಿದ್ದೆ, ವಿಜಾಪುರದ ಕಡೆಯ ಕನ್ನಡದ ನಾಲಿಗೆಯಲ್ಲಿ. ಆ ಮಕ್ಕಳ ಹಿಂದಿಯನ್ನು ದೇವರೇ ಕಾಪಾಡಬೇಕು.

ಅಂಥ ಕಾಲದಲ್ಲಿ ಅಪ್ಪನಿಗೆ ಒಂದು ಕೆಲಸ ಹುಡುಕಿಕೊಂಡು ಬಂತು. ಬೇಗಂಪೇಟೆಯ ಸಣ್ಣ ಕಂಪನಿಯೊಂದು ಹೊರದೇಶದ ಕಾರ್ಖಾನೆಗಳ ಹಳೆಯ ಕಾಗದದ ನಕ್ಷೆಗಳನ್ನು ತರಿಸಿಕೊಂಡು, ಕಂಪ್ಯೂಟರಿನಲ್ಲಿ ತಿರುಗಿಸಿ ನೋಡಬಹುದಾದ ಮೂರು ಆಯಾಮದ ಮಾದರಿಗಳಾಗಿ ಮಾಡಿ ಕೊಡುತ್ತಿತ್ತು. ಅಲ್ಲಿಯ ಹುಡುಗರಿಗೆ ಸಾಫ್ಟ್‌ವೇರ್ ಬರುತ್ತಿತ್ತು, ಹಳೆಯ ನಕ್ಷೆ ಓದಲು ಬರುತ್ತಿರಲಿಲ್ಲ. ಸಾಫ್ಟ್‌ವೇರ್ ಕಲಿತು ಬಂದರೆ ಮನೆಯಲ್ಲೇ ಕೂತು ಕೆಲಸ ಮಾಡಬಹುದು, ಮೊದಲು ಒಂದು ಮಾದರಿ ಮಾಡಿ ತೋರಿಸಿ ಎಂದರು ಮ್ಯಾನೇಜರು.

ಅಪ್ಪನ ಆ ದಿನಗಳ ಮುಖ ನನಗೆ ಚೆನ್ನಾಗಿ ನೆನಪಿದೆ. ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಕಟ್ಟಿಸಿಕೊಂಡು, ಕೋಠಿಯಲ್ಲಿ ಬಸ್ ಬದಲಿಸಿ, ಅಮೀರಪೇಟೆಯ ಸೆಂಟರಿನಲ್ಲಿ ತಮ್ಮ ಮಕ್ಕಳಿಗಿಂತ ಸಣ್ಣ ಹುಡುಗರ ನಡುವೆ ಕೂತು ಕಲಿತು ಬಂದರು. ಬೋಲ್ಟು, ಬ್ರಾಕೆಟ್ಟು, ಪೈಪಿನ ಮೊಣಕೈ ಇಂಥ ಸಣ್ಣ ಸಣ್ಣ ಸಾಮಾನನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಿದ್ದರಂತೆ. "ಹುಡುಗರೆಲ್ಲಾ ಅಂಕಲ್ ಅಂಕಲ್ ಅಂತ ನನ್ನ ಕೇಳಾಕ ಬರ್ತಾವು" ಎಂದು ಅವ್ವನ ಮುಂದೆ ಹೇಳಿ ನಕ್ಕರು. ಅವ್ವ ಸುಲ್ತಾನ್ ಬಜಾರಿಗೆ ಹೋಗಿ ಅವರಿಗೆ ಎರಡು ಹೊಸ ಅಂಗಿ ತಂದಳು. ನಿವೃತ್ತಿಯ ದಿನ ಬಾಗಿದ್ದ ಬೆನ್ನು ಮತ್ತೆ ನೆಟ್ಟಗಾಗಿತ್ತು.

ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅಣ್ಣ ಸಿಕಂದರಾಬಾದಿನಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಂಡದ್ದು. ಅದರಲ್ಲಿ ಅವನ ಲಿನಕ್ಸ್ ಇತ್ತು, ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಆಫೀಸಿನ ಕೆಲಸವಲ್ಲದೆ ಗೆಳೆಯನ ಜೊತೆ ಇನ್ನೊಂದು ಕೆಲಸ ಹಿಡಿದಿದ್ದ. ಅದಕ್ಕಾಗಿ ಅವನು ಮನೆಯಲ್ಲಿ ಇಲ್ಲದಾಗಲೂ ಆ ಕಂಪ್ಯೂಟರ್ ಹಗಲೆಲ್ಲ ತನ್ನಷ್ಟಕ್ಕೆ ಏನೇನೋ ಪರೀಕ್ಷೆ ನಡೆಸುತ್ತ ಚಾಲೂ ಇರಬೇಕಿತ್ತು. ಅಪ್ಪನ ಸಾಫ್ಟ್‌ವೇರ್ ಓಡುವುದು ವಿಂಡೋಸಿನಲ್ಲಿ ಮಾತ್ರ. ಎರಡಕ್ಕೂ ಹೇಗೆ ಹೊಂದಿಸುವುದು ಎಂಬ ಪಂಚಾಯಿತಿ ಊಟದ ಹೊತ್ತಿಗೆ ನಡೆಯಿತು.

"ಎರಡು ದಾರಿ ಅದಾವು ಅಪ್ಪಾ" ಎಂದ ಅಣ್ಣ, ರೊಟ್ಟಿ ಮುರಿಯುತ್ತ. "ಒಂದು ಡ್ಯುಯಲ್ ಬೂಟ್. ಒಂದ ಮನ್ಯಾಗ ಇಬ್ಬರು ಬಾಡಿಗೆದಾರರು ಇದ್ದಂಗ, ಆದ್ರ ಒಬ್ಬಾಂವ ಪೂರ್ತಿ ಹೊರಗ ಹೋದಮ್ಯಾಲೆ ಇನ್ನೊಬ್ಬಾಂವ ಒಳಗ ಬರಬೇಕು. ನೀವು ಕೂಡಬೇಕಾದ್ರ ನನ್ನದು ಬಂದ್ ಮಾಡಿ ಮತ್ತ ಚಾಲೂ ಮಾಡಬೇಕು. ಇನ್ನೊಂದು ವರ್ಚುವಲ್. ನನ್ನ ಮನಿಯೊಳಗ ನಿಮಗೊಂದು ಕೋಣಿ ಕೊಡೋದು. ನನ್ನ ಕೆಲಸಾನೂ ನಡೀತೈತಿ, ನಿಮ್ಮದೂ ನಡೀತೈತಿ."

"ಮತ್ತ ಅದನ್ನ ಮಾಡಪ್ಪ" ಎಂದರು ಅಪ್ಪ. "ನನ್ನ ಸಲುವಾಗಿ ನಿನ್ನ ಕೆಲಸ ನಿಲ್ಲಬಾರದು."

ಪಂಚಾಯಿತಿ ಅಷ್ಟಕ್ಕೇ ಮುಗಿಯಿತು. ದುಡಿಯುವ ಮಗನ ಕೆಲಸವನ್ನು ನಿಲ್ಲಿಸು ಎಂದು ಕೇಳುವುದು ನಮ್ಮ ಮನೆಯಲ್ಲಿ ಬೇಡವೆನಿಸುವ ಮಾತು, ನಿಲ್ಲಿಸುತ್ತೇನೆ ಎಂದು ಮಗ ತಾನಾಗಿ ಹೇಳುವುದು ಇನ್ನೂ ದೂರದ ಮಾತು. ಭಾನುವಾರ ಅಣ್ಣ ಲಿನಕ್ಸಿನೊಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ಹಾಕಿ, ಕಂಪನಿಯವರು ಕೊಟ್ಟ ಸಾಫ್ಟ್‌ವೇರನ್ನು ಅದರಲ್ಲಿ ಕೂರಿಸಿದ. ಖಾಲಿ ಹಾಳೆಯೊಂದನ್ನು ತೆರೆದು ಎರಡು ಗೆರೆ ಎಳೆದು ತೋರಿಸಿದ. ಗೆರೆಗಳು ಠೀಕಾಗಿ ಬಂದವು. "ನೋಡ್ರಿ, ಹೆಂಗ ಓಡತೈತಿ!" ಎಂದು ಎದ್ದು ಹೋದ. ಆಮೇಲೆ ಅವನು ಆ ಕಿಟಕಿಯ ಮುಂದೆ ಕೂರಲೇ ಇಲ್ಲ.

ಪರೀಕ್ಷೆಗೆಂದು ಕೊಟ್ಟಿದ್ದ ಮಾದರಿ ಒಂದು ಗೇರ್‌ಬಾಕ್ಸಿನ ಕವಚ. ಎರಕದ ದೊಡ್ಡ ಸಾಮಾನು. ಒಳಗೆ ಹೊರಗೆ ಲೆಕ್ಕವಿಲ್ಲದಷ್ಟು ತೂತು, ತಿರುವು, ಆಧಾರದ ಪಟ್ಟಿಗಳು. ಮೊದಲ ದಿನಗಳಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಮಾದರಿ ಬೆಳೆದ ಹಾಗೆ ಅವಸ್ಥೆ ಶುರುವಾಯಿತು. ನಾನು ಮಧ್ಯಾಹ್ನ ಶಾಲೆಯಿಂದ ಬಂದು ಚಹಾ ತೆಗೆದುಕೊಂಡು ಹೋದಾಗ ನೋಡುತ್ತಿದ್ದೆ. ಅಪ್ಪ ಮೌಸ್ ಒತ್ತಿ ಮಾದರಿಯನ್ನು ತಿರುಗಿಸಲು ಎಳೆಯುತ್ತಿದ್ದರು. ಅದು ಅಲುಗಾಡುತ್ತಿರಲಿಲ್ಲ. ಇನ್ನಷ್ಟು ಎಳೆಯುತ್ತಿದ್ದರು. ಆಗ ಒಮ್ಮೆಲೇ ಗಿರ್ರನೆ ತಿರುಗಿ ಬೇರೆ ಮಗ್ಗುಲು ತೋರಿಸಿ ನಿಲ್ಲುತ್ತಿತ್ತು. "ಹಾಂ, ಹೆಚ್ಚಾತು" ಎಂದು ತಮಗೆ ತಾವೇ ಹೇಳಿಕೊಂಡು ಹಿಂದಕ್ಕೆ ಎಳೆಯುತ್ತಿದ್ದರು. ಮತ್ತೆ ಅದೇ ಕಥೆ. ಒಂದು ಅಂಚನ್ನು ಮುಟ್ಟಿದರೆ ಪಕ್ಕದ ಅಂಚು ಹಿಡಿದುಕೊಳ್ಳುತ್ತಿತ್ತು. ಅದನ್ನು ಬಿಡಿಸಿ, ಕಾದು, ಮತ್ತೆ ಮುಟ್ಟುತ್ತಿದ್ದರು.

ನನಗೆ ಕಂಪ್ಯೂಟರೆಂದರೆ ಶಾಲೆಯಲ್ಲಿ ಅಂಕಪಟ್ಟಿ ಬಡಿಯುವ ಡಬ್ಬಿ, ಅದರ ಆಚೆ ಏನೂ ಗೊತ್ತಿರಲಿಲ್ಲ. ಆದರೂ ಒಂದು ದಿನ ಕೇಳಿದೆ. "ಅಪ್ಪಾ, ಇದು ಭಾಳ ನಿಧಾನ ಐತೇನ್ರಿ? ಅಣ್ಣಗ ಹೇಳಲೇನು?"

"ಮಷೀನಿಗೆ ಅನಬ್ಯಾಡವ್ವಾ" ಎಂದರು. "ಕ್ಲಾಸಿನ್ಯಾಗ ಸಣ್ಣ ಸಾಮಾನು ಮಾಡಿದ್ದೆ. ಇದು ದೊಡ್ಡದೈತಿ, ನನಗ ಹಿಡಿತ ಸಿಗವಲ್ದು."

ಸಂಜೆ ಅಣ್ಣ ಶೂ ಬಿಚ್ಚುತ್ತಲೇ ಕೇಳುತ್ತಿದ್ದ: "ಅಪ್ಪಾ, ಹೆಂಗ ನಡದೈತ್ರಿ?" "ಛೊಲೋ ನಡದೈತಪ್ಪಾ." ಅಷ್ಟೇ. ಕೇಳಬೇಕಾದವನು ಕೇಳಿದ, ಹೇಳಬೇಕಾದವರು ಹೇಳಿದರು, ಮರ್ಯಾದೆ ಉಳಿಯಿತು. ಮರ್ಯಾದೆಯೊಂದು ಬಿಟ್ಟು ಉಳಿದದ್ದೆಲ್ಲ ಹಾಳಾಗುತ್ತಿತ್ತು.

ಅಪ್ಪ ಒಂದು ಹೊಸ ರೂಢಿ ಮಾಡಿಕೊಂಡರು. ಒಮ್ಮೆ ಒತ್ತಿದ ಮೇಲೆ ಕೈಯನ್ನು ಮೌಸಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕಾಯುವುದು. ಮಸಿಯ ಗೆರೆ ಒಣಗುವ ತನಕ ಹಾಳೆಯ ಮೇಲೆ ಕೈ ಊರದೆ ಕಾದ ಮನುಷ್ಯ, ಅವರಿಗೆ ಕಾಯುವುದು ಕಷ್ಟವಾಗಲಿಲ್ಲ. ಆದರೆ ಮಸಿ ಎಷ್ಟು ಹೊತ್ತಿಗೆ ಒಣಗುತ್ತದೆಂದು ಅವರಿಗೆ ಗೊತ್ತಿತ್ತು. ಇದು ಒಮ್ಮೆ ಬೇಗ, ಒಮ್ಮೆ ತಡ. ಒಮ್ಮೊಮ್ಮೆ ಅವರು ಒತ್ತುವುದೇ ಮರೆತುಹೋಯಿತೇನೋ ಎಂದು ಮತ್ತೆ ಒತ್ತಿದರೆ, ಎರಡೂ ಒತ್ತಿಗೆ ಉತ್ತರ ಒಟ್ಟಿಗೆ ಬಂದು ಮಾಡಿದ ಕೆಲಸ ಕೆಟ್ಟುಹೋಗುತ್ತಿತ್ತು. ಆಗ ಅವರ ಮುಖದಲ್ಲಿ ಕಾಣಿಸುತ್ತಿದ್ದದ್ದು ಬೇಸರವಲ್ಲ, ಹೆದರಿಕೆ.

ಆ ಹೆದರಿಕೆ ಏನೆಂದು ಒಂದು ಮಧ್ಯಾಹ್ನ ತಿಳಿಯಿತು. ನಾನು ಬಂದಾಗ ಅಪ್ಪ ಕಂಪ್ಯೂಟರ್ ಬಿಟ್ಟು ನೆಲದ ಮೇಲೆ ಕೂತಿದ್ದರು. ಸುತ್ತ ಬಿಳಿ ಹಾಳೆಗಳು. ಒಂದೊಂದರ ಮೇಲೂ ಪಟ್ಟಿಯಿಲ್ಲದೆ ಬರಿಗೈಯಲ್ಲಿ ಎಳೆದ ಗೆರೆಗಳು, ವೃತ್ತಗಳು. ಎಲ್ಲವೂ ಅಚ್ಚು ಹಾಕಿದಷ್ಟು ನೆಟ್ಟಗೆ.

"ನೋಡವ್ವಾ" ಎಂದು ಒಂದು ಹಾಳೆ ಎತ್ತಿ ತೋರಿಸಿದರು. "ಕೈ ನೆಟ್ಟಗೈತಿ. ಕೈ ಏನೂ ಆಗಿಲ್ಲ."

ನನಗೆ ಖುಷಿಯಾಯಿತು. "ಮತ್ಯಾಕ ಚಿಂತಿ ಮಾಡ್ತೀರಿ?" ಎಂದೆ.

"ಕೈ ನೆಟ್ಟಗಿದ್ರ, ಕೆಟ್ಟಿದ್ದು ತಲಿ" ಎಂದರು. "ನಿಮ್ಮ ದೊಡ್ಡಪ್ಪಗೂ ಹಿಂಗ ಶುರು ಆಗಿತ್ತು."

ದೊಡ್ಡಪ್ಪ ಎಂದರೆ ಅಪ್ಪನ ಒಬ್ಬನೇ ಅಣ್ಣ. ಮರೆವಿನ ರೋಗ ಬಂದು, ಕೊನೆಗೆ ತಮ್ಮ ಹೆಸರನ್ನೇ ಮರೆತು ತೀರಿಹೋದವರು. ಅವರನ್ನು ಹೈದರಾಬಾದಿನ ಆಸ್ಪತ್ರೆಗೆ ತೋರಿಸಲು ಕರೆತಂದು ನಮ್ಮ ಕ್ವಾರ್ಟರ್ಸಿನಲ್ಲೇ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆವು. ಸ್ನಾನ ಮಾಡಿಸಿದ್ದು, ಉಣ್ಣಿಸಿದ್ದು, ಬಾಗಿಲು ದಾಟಿ ಹೋದಾಗ ಹುಡುಕಿ ತಂದದ್ದು, ಎಲ್ಲವನ್ನೂ ಅಪ್ಪನೇ ಮಾಡಿದರು. ಆ ರೋಗದ ಒಂದೊಂದು ಮೆಟ್ಟಿಲೂ ಅವರಿಗೆ ಗೊತ್ತು. ಈಗ ತಾವೇ ಮೊದಲ ಮೆಟ್ಟಿಲ ಮೇಲೆ ನಿಂತಿದ್ದೇನೆಂದು ನಂಬಿ, ಅದನ್ನು ಯಾರಿಗೂ ಹೇಳದೆ, ದಿನಾ ಆ ಕಿಟಕಿಯ ಮುಂದೆ ಕೂತು ಖಾತ್ರಿ ಮಾಡಿಕೊಳ್ಳುತ್ತಿದ್ದರು.

"ಹಂಗೆಲ್ಲಾ ಏನೂ ಇಲ್ರಿ" ಎಂದೆ. ಎಲ್ಲರೂ ಹೇಳುವ ಮಾತು. ಅಪ್ಪ ಹಾಳೆಗಳನ್ನು ಜೋಡಿಸಿ ಎತ್ತಿಟ್ಟರು.

ಮುಂದಿನ ವಾರ ಅವರೇ ಬಸ್ಸು ಹತ್ತಿ ಬೇಗಂಪೇಟೆಗೆ ಹೋಗಿ, ಆ ಹಳೆಯ ನಕ್ಷೆಯ ಸುರುಳಿಯನ್ನು ವಾಪಸು ಕೊಟ್ಟು, ನನ್ನಿಂದ ಆಗುವುದಿಲ್ಲ ಎಂದು ಹೇಳಿ ಬಂದರು. ಮನೆಗೆ ಬಂದವರು ಸ್ಕೂಟರಿನ ಕೀಲಿಯನ್ನು ಅಣ್ಣನ ಕೈಗೆ ಕೊಟ್ಟರು. "ಇನ್ನ ನೀ ಓಡಸು. ನಾ ಯಾರಿಗರೆ ಗುದ್ದಿದ್ರ ತಪ್ಪಲ್ಲೇನು?" ಅಣ್ಣ ಒಳ್ಳೆಯದೇ ಆಯಿತು, ಈ ಟ್ರಾಫಿಕ್ಕಿನಲ್ಲಿ ವಯಸ್ಸಾದವರು ಯಾಕೆ ಓಡಿಸಬೇಕು ಎಂದುಕೊಂಡ. ಅಪ್ಪ ಗ್ಯಾಸ್ ಒಲೆ ಹಚ್ಚುವುದನ್ನು ಬಿಟ್ಟರು. ಒಬ್ಬರೇ ಕೋಠಿಗೆ ಹೋಗುವುದನ್ನು ಬಿಟ್ಟರು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಅವ್ವನ ಮುಖ ನೋಡತೊಡಗಿದರು. ಹೊಸ ಅಂಗಿಗಳು ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಉಳಿದವು. ಅವ್ವ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಅತ್ತಳು. "ಒಂದು ಹಂಗಾಮಿನ್ಯಾಗ ಮುದುಕ ಆಗಿಬಿಟ್ರಲ್ಲವ್ವಾ" ಎಂದಳು.

ಸಂಕ್ರಾಂತಿಗೆ ಅಣ್ಣ ತನ್ನ ಆ ಗೆಳೆಯನನ್ನು ಊಟಕ್ಕೆ ಕರೆದಿದ್ದ. ಗುಂಟೂರಿನ ಕಡೆಯ ತೆಲುಗು ಹುಡುಗ, ಸಜ್ಜಿ ರೊಟ್ಟಿ ನೋಡಿ ಇದೇನು ಕಪ್ಪು ಚಪಾತಿ ಎಂದು ಕೇಳಿ ನಗಿಸಿದ್ದ. ಅಪ್ಪ ಉಂಡು ಒಳಗೆ ಮಲಗಿದ್ದರು. ಇಬ್ಬರೂ ಏನೋ ನೋಡಲು ಕಂಪ್ಯೂಟರ್ ಮುಂದೆ ಕೂತರು. ಅಪ್ಪನ ಕಿಟಕಿ ಇನ್ನೂ ಅಲ್ಲೇ ಇತ್ತು. ಗೆಳೆಯ ಕುತೂಹಲಕ್ಕೆ ಅದನ್ನು ತೆರೆದು, ಗೇರ್‌ಬಾಕ್ಸಿನ ಕವಚವನ್ನು ಹಿಡಿದು ತಿರುಗಿಸಿದ. ಅದು ಅಲುಗಲಿಲ್ಲ. ಆಮೇಲೆ ಗಿರ್ರನೆ ತಿರುಗಿ ನಿಂತಿತು. ಅವನು ಜೋರಾಗಿ ನಕ್ಕುಬಿಟ್ಟ.

"ಅರೇ ಭಾಯ್, ಇಸ್ಮೇ ಕೌನ್ ಕಾಮ್ ಕರ್ತಾ?" ಎಂದ. ಇದರಲ್ಲಿ ಯಾರಾದರೂ ಕೆಲಸ ಮಾಡುತ್ತಾರೇನೋ ಮಾರಾಯಾ ಎಂದು.

ಆಮೇಲೆ ಅವನು ಹೇಳಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಚಿತ್ರಗಳನ್ನು ಸರಸರ ಬಿಡಿಸಲೆಂದೇ ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುತ್ತದೆ. ಅದು ಹೊರಗಿನ ಲಿನಕ್ಸಿನ ಕೈಯಲ್ಲಿತ್ತು. ಒಳಗಿನ ವರ್ಚುವಲ್ ವಿಂಡೋಸಿಗೆ ಅದರ ಬಲ ಸಿಗುತ್ತಲೇ ಇರಲಿಲ್ಲ. ಎರಡು ಗೆರೆಯ ಹಾಳೆಗೆ ಅದು ಬೇಕಿಲ್ಲ, ಇಂಥ ಮಾದರಿಗೆ ಅದಿಲ್ಲದೆ ಆಗುವುದಿಲ್ಲ. ಅಣ್ಣ ಅಪ್ಪನಿಗೆ ಕೋಣೆ ಕೊಟ್ಟಿದ್ದ, ಒಲೆ ಕೊಟ್ಟಿರಲಿಲ್ಲ. ಅಡುಗೆ ಬೇಯದಿದ್ದದ್ದಕ್ಕೆ ಅಪ್ಪ ತಮ್ಮ ಕೈಗುಣ ಹೋಯಿತೆಂದುಕೊಂಡಿದ್ದರು. ಅಷ್ಟು ವರ್ಷ ನೆಲಕ್ಕೆ ಡೊಂಕೆನ್ನದೆ ಬಂದ ಮನುಷ್ಯ, ನೆಲ ನಿಜವಾಗಿಯೂ ಡೊಂಕಾಗಿದ್ದಾಗ ಬಾಯಿ ಬಿಡಲಿಲ್ಲ.

"ಇಷ್ಟು ನಿಧಾನ ಇತ್ತಂದ್ರ ಅಪ್ಪ ಯಾಕ ಹೇಳಲಿಲ್ಲ?" ಎಂದು ಅಣ್ಣ ನನ್ನನ್ನು ಕೇಳಿದ, ಗೆಳೆಯ ಹೋದ ಮೇಲೆ.

"ನೀ ಯಾಕ ಒಂದ ದಿನಾ ಕುಂತು ನೋಡಲಿಲ್ಲ?" ಎಂದೆ. ಅವನ ಮುಖ ನೋಡಿ ಸಿಟ್ಟು ಅಲ್ಲೇ ಇಂಗಿತು. ಅಳು ತಡೆದ ಗಂಡಸಿನ ಮುಖ ನೋಡಲು ಚೆನ್ನಾಗಿರುವುದಿಲ್ಲ.

ಮರುದಿನ ಅವನು ರಜೆ ಹಾಕಿದ. ತನ್ನ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿದ. ಡಿಸ್ಕಿನಲ್ಲಿ ಅಪ್ಪನಿಗೆ ಬೇರೆ ಜಾಗ ಬಿಡಿಸಿ, ವಿಂಡೋಸನ್ನು ಅದರದೇ ಕಾಲ ಮೇಲೆ ನಿಲ್ಲಿಸಿದ. ಆಗ ಬೇಡವೆಂದು ಬಿಟ್ಟಿದ್ದ ಡ್ಯುಯಲ್ ಬೂಟೇ ಈಗ ಬಂತು. ಸಾಫ್ಟ್‌ವೇರಿನ ಪರವಾನಗಿ ಇನ್ನೂ ಮುಗಿದಿರಲಿಲ್ಲ. ಬೇಗಂಪೇಟೆಗೆ ಹೋಗಿ ಮ್ಯಾನೇಜರನ್ನು ಕಂಡು ವಿಷಯ ಹೇಳಿದ. ಆತ ಒಳ್ಳೆಯವನು. ಕವಚದ ನಕ್ಷೆಯ ಸುರುಳಿಯನ್ನು ಮತ್ತೆ ಕೊಟ್ಟು, ನಿಮ್ಮ ತಂದೆಯ ಹಾಗೆ ನಕ್ಷೆ ಓದುವವರು ಇನ್ನೂ ಸಿಕ್ಕಿಲ್ಲ, ಕಳಿಸಿ ಎಂದನಂತೆ. ಅಣ್ಣ ಆ ಸುರುಳಿಯನ್ನು ಎದೆಗೆ ಒತ್ತಿಕೊಂಡು ಆಟೋದಲ್ಲಿ ಬಂದಿಳಿದ. ಬಾಗಿಲು ತೆರೆದಿತ್ತು, ಕೆಲಸ ಕಾಯುತ್ತಿತ್ತು. ಅಪ್ಪ ಬಂದು ಕೂರುವುದೊಂದೇ ಬಾಕಿ.

ಕರೆದೊಯ್ದು ಕೂರಿಸಿದೆವು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತಳು. ಅಣ್ಣ ಕವಚವನ್ನು ತೆರೆದು, "ತಿರುಗಸ್ರಿ ಅಪ್ಪಾ" ಎಂದ.

ಅಪ್ಪ ಮೌಸ್ ಹಿಡಿದು ಒತ್ತಿ ಎಳೆದರು. ಮಾದರಿ ಕೈಯ ಹಿಂದೆಯೇ ತಿರುಗಿತು, ನೀರಿನಷ್ಟು ಸರಾಗವಾಗಿ. ಅಪ್ಪ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ತಿರುಗಿ ನಿಂತಿದ್ದ ಚಿತ್ರವನ್ನೇ ನೋಡುತ್ತ ಕಾದರು.

"ಕಾಯೋದು ಬ್ಯಾಡ್ರಿ" ಎಂದ ಅಣ್ಣ. "ತಿರುಗೇಬಿಟ್ಟೈತಿ ನೋಡ್ರಿ."

ಅಪ್ಪ ಇನ್ನೊಮ್ಮೆ ಒತ್ತಿದರು. ಮತ್ತೆ ಕೈ ಎತ್ತಿದರು. ಕಾದರು. ಒಂದು ಅಂಚನ್ನು ಮುಟ್ಟಿದರು, ಅದು ತಟ್ಟನೆ ಹೊಳೆಯಿತು. ಅವರು ಬೆಚ್ಚಿ ಮೌಸ್ ಬಿಟ್ಟರು.

ಆಗ ಅಣ್ಣ ಅವರ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಲಿನಕ್ಸು, ಕಿಟಕಿ, ಕಾರ್ಡು, ತನ್ನ ಬೇಜವಾಬ್ದಾರಿ, ಒಂದೂ ಬಿಡಲಿಲ್ಲ. "ನಿಮ್ಮ ತಲಿಗೆ ಏನೂ ಆಗಿಲ್ಲ ಅಪ್ಪಾ. ಕೆಟ್ಟಿದ್ದು ಮಷೀನು. ನಾ ಹೇಳತೀನಿ, ದೇವರಾಣಿ ಮಷೀನು ಕೆಟ್ಟಿತ್ತು."

ಅಪ್ಪ ಅವನ ತಲೆಯ ಮೇಲೆ ಕೈ ಇಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

"ನಿಮ್ಮ ದೊಡ್ಡಪ್ಪ ಹೊತ್ತಲ್ಲದ ಹೊತ್ತಿನ್ಯಾಗ ಎದ್ದು ಆಫೀಸಿಗೆ ಹೊಂಟು ನಿಂದರ್ತಿದ್ದ" ಎಂದರು. "ಆಗ ನಾನೂ ಹಿಂಗ ಅವನ ಮುಂದ ಕುಂತು ಹೇಳ್ತಿದ್ದೆ ತಮ್ಮಾ. ನಿನ್ನ ತಲಿಗೆ ಏನೂ ಆಗಿಲ್ಲೋ ಅಣ್ಣಾ, ಗಡಿಯಾರ ಕೆಟ್ಟೈತಿ ಅಂತ. ದೇವರಾಣಿ ಮಾಡ್ತಿದ್ದೆ."

ಇನ್ನು ಅಣ್ಣ ಏನು ಹೇಳಿದರೂ ಅದು ರೋಗಿಗೆ ಹೇಳುವ ಸಮಾಧಾನವೇ ಆಗುತ್ತಿತ್ತು. ಅಪ್ಪ ಎದ್ದು, "ಭಾಳ ಚೆಂದ ಮಾಡೀದಿ, ನೀ ಉಪಯೋಗ ಮಾಡಿಕೋ" ಎಂದು ಹೇಳಿ ಒಳಗೆ ಹೋದರು.

ಡಾಕ್ಟರಿಗೂ ತೋರಿಸಿದೆವು. ಅವರೂ ಏನೂ ಇಲ್ಲ ಎಂದರು. ನೀವು ಡಾಕ್ಟರಿಗೆ ಮೊದಲೇ ಹೇಳಿಕೊಟ್ಟಿದ್ದೀರಿ ಎಂಬಂತೆ ಅಪ್ಪ ನಮ್ಮನ್ನು ನೋಡಿ ನಕ್ಕರು.

ಆಮೇಲೆ ಅಪ್ಪ ಬಹಳ ವರ್ಷ ಬದುಕಿದರು. ಆ ರೋಗ ಬರಲೇ ಇಲ್ಲ. ಕೊನೆಯ ತನಕ ಅವರಿಗೆ ಎಲ್ಲ ನೆನಪಿತ್ತು, ನಾನು ಮರೆತದ್ದೂ ನೆನಪಿತ್ತು. ಬೇರೆ ಯಾರಾದರೂ ಈ ವರ್ಷಗಳನ್ನು ವರವೆಂದುಕೊಳ್ಳುತ್ತಿದ್ದರು. ನಮ್ಮಪ್ಪ ಅವನ್ನೆಲ್ಲ ಒಂದು ಕುರ್ಚಿಯ ಮೇಲೆ ಕೂತು, ಮರೆವು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಳೆದರು. ದಿನಾ ಬೆಳಿಗ್ಗೆ ಚಹಾದ ಹೊತ್ತಿಗೆ ಅವತ್ತಿನ ವಾರದ ಹೆಸರು ಹೇಳಿ ಅವ್ವನನ್ನು ಕೇಳುತ್ತಿದ್ದರು: "ಇವತ್ತು ಮಂಗಳವಾರ, ಹೌದಲ್ಲ?"

"ಹೌದ್ರಿ" ಎನ್ನುತ್ತಿದ್ದಳು ಅವ್ವ. ನಿಜವಾಗಿಯೂ ಮಂಗಳವಾರವೇ ಆಗಿರುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಆಕೆಯ ಮುಖವನ್ನು ನೋಡಿ, ಪಾಪ, ಇವಳೂ ನನ್ನ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾಳೆ ಎಂದುಕೊಂಡು ಚಹಾ ಕುಡಿಯುತ್ತಿದ್ದರು.